ಝೀಬ್ರಷ್‌ನಲ್ಲಿ ವಾಚ್ ಕೇಸ್: ಅಂಚು ಕರಗುತ್ತೆ, ಸಪಾಟು ಮುಖದಲ್ಲಿ ಅಲೆ ಏಳುತ್ತೆ

ಮೇಣದಬೆರಳು:

3ಡಿ ಆಕಾರ ಕೆತ್ತುವ ಝೀಬ್ರಷ್ ಸಾಫ್ಟ್‌ವೇರ್‌ನಲ್ಲಿ ಮುಖ, ಕೈಕಾಲು, ಬಟ್ಟೆಯ ಮಡಿಕೆ ಎಲ್ಲ ತಕ್ಕಮಟ್ಟಿಗೆ ಬರುತ್ತೆ. ಹಾರ್ಡ್ ಸರ್ಫೇಸ್ (ಯಂತ್ರದ ಭಾಗದಂಥ ಚೂಪು ಅಂಚಿನ ವಸ್ತು) ಅಂದ್ರೆ ಮಾತ್ರ ನಾಲ್ಕು ದಿನ ಬಳಸಿದ ಸೋಪಿನ ಹಾಗೆ ಆಗ್ತಿದೆ. ಅಭ್ಯಾಸಕ್ಕೆ ಅಂತ ಹಳೇ ಎಚ್‌ಎಂಟಿ, ಕೀ ಕೊಡುವ ವಾಚ್‌ನ ಕೇಸ್ ತಗೊಂಡಿದ್ದೀನಿ. ಯಂತ್ರ, ಡಯಲ್ ಬೇಡ, ಹೊರಗಿನ ಕವಚ ಮತ್ತು ಕೀ ತಿರುಪುವ ಗುಂಡಿ ಸಾಕು. ವ್ಯಾಸ 35 ಮಿ.ಮೀ., ಬೆಲ್ಟ್ ಕೂರುವ ಜಾಗ 18 ಮಿ.ಮೀ. ಇಟ್ಟುಕೊಂಡಿದ್ದೀನಿ. ಕೊನೆಗೆ ರೆಸಿನ್‌ನಲ್ಲಿ 3ಡಿ ಪ್ರಿಂಟ್ ತೆಗೆಯಬೇಕು.

ಈಗ ಮಾಡ್ತಿರೋದು: ಸ್ಫಿಯರ್ (ಗೋಳ), ಡೈನಾಮೆಶ್ ರೆಸಲ್ಯೂಷನ್ 128, ಟ್ರಿಮ್‌ಕರ್ವ್‌ನಲ್ಲಿ ಮೇಲೆ ಕೆಳಗೆ ಕತ್ತರಿಸಿ, ಎಚ್‌ಪಾಲಿಶ್‌ನಲ್ಲಿ ಉಜ್ಜೋದು. ಮತ್ತೆ ಡೈನಾಮೆಶ್ ಮಾಡಿದ ಕೂಡಲೇ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತೆ. 512ಕ್ಕೆ ಏರಿಸಿದ್ರೂ ಅದೇ ಕಥೆ, ಮೆಟ್ಟಿಲು ಸಣ್ಣದಾಗುತ್ತೆ ಅಷ್ಟೆ. ಮೇಲ್ಮೈಯ ಪಾಲಿಗನ್‌ಗಳನ್ನು (ಸಣ್ಣ ಚೌಕ, ತ್ರಿಕೋನಗಳನ್ನು) ಅಚ್ಚುಕಟ್ಟಾಗಿ ಮರುಜೋಡಿಸುವ ಝೀರೀಮೆಶರ್ ಹಾಕಿದ್ರೆ ಸಾಲುಗಳು ಸುರುಳಿ ಸುತ್ತಿಕೊಂಡು ಹೋಗುತ್ತವೆ. ಎಲ್ಲಿ ತಪ್ಪುತ್ತಿದೆ?

ಲೇತುಗಾರ:

ಬ್ರಷ್ ತಪ್ಪಿಲ್ಲ, ಹಿಡಿದ ದಾರಿ ತಪ್ಪು. ಡೈನಾಮೆಶ್ ನಿಮ್ಮ ಆಕಾರದ ಮೇಲೆ ಚೌಕದ ಬಲೆ ಹಾಸಿ ಹೊಸ ಪಾಲಿಗನ್ ಕಟ್ಟುತ್ತೆ. ಅಂಚು ಆ ಬಲೆಯ ಗೆರೆಗೆ ಸರಿಯಾಗಿ ಕೂತರೆ ನೇರ, ಓರೆಯಾದರೆ ಮೆಟ್ಟಿಲು. ದುಂಡನೆಯ ಕೇಸ್‌ನಲ್ಲಿ ನೇರಕ್ಕೆ ಸಿಗುವ ಜಾಗವೇ ಕಡಿಮೆ. ರೆಸಲ್ಯೂಷನ್ ಅಂಕಿಯೂ ಮಾಡೆಲ್ ಗಾತ್ರಕ್ಕೆ ಅಂಟಿಕೊಂಡದ್ದು, ದೊಡ್ಡ ಸಬ್‌ಟೂಲ್‌ಗೆ (ಮಾಡೆಲ್‌ನ ಬಿಡಿ ಭಾಗಕ್ಕೆ) ಅದೇ 128 ಹೆಚ್ಚು ಪಾಲಿಗನ್ ಕೊಡುತ್ತೆ. ಹಾಗಾಗಿ ಯಾರೋ ಹೇಳಿದ ಅಂಕಿ ನಿಮಗೆ ಕೂಡಿಬರಲ್ಲ.

ಅಲೆ ಏಳೋದು ಇನ್ನೊಂದು ಕಾರಣಕ್ಕೆ. ಹತ್ತು ಲಕ್ಷ ಪಾಯಿಂಟ್ ಇರುವ ಮುಖವನ್ನು ಕೈಯಿಂದ ಉಜ್ಜಿ ಸಪಾಟು ಮಾಡೋದು ಆಗದ ಮಾತು, ಪ್ರತಿ ಸ್ಟ್ರೋಕ್ ತನ್ನದೇ ಒಂದು ತಗ್ಗು ಬಿಟ್ಟು ಹೋಗುತ್ತೆ. ಸಪಾಟು ಬೇಕಾದ್ದನ್ನು ನಾಲ್ಕೇ ಪಾಲಿಗನ್ ಇರುವಾಗಲೇ ಸಪಾಟು ಮಾಡಿಕೊಳ್ಳಬೇಕು. ರೆಡ್ ವ್ಯಾಕ್ಸ್ ಮೆಟೀರಿಯಲ್ ಹಾಕಿಕೊಂಡು ನೋಡಿದರೆ ಈ ಅಲೆ ಕಾಣೋದೂ ಇಲ್ಲ. ಹೊಳೆಯುವ ಕ್ರೋಮ್ ತರಹದ ಮ್ಯಾಟ್‌ಕ್ಯಾಪ್ (ಮೇಲ್ಮೈಯ ತೋರಿಕೆ) ಹಾಕಿ ಮಾಡೆಲ್ ತಿರುಗಿಸಿ. ಹೊಳಪಿನ ಗೆರೆ ಎಲ್ಲಿ ನಡುಗುತ್ತೋ ಅಲ್ಲಿ ತಗ್ಗುದಿಣ್ಣೆ ಇದೆ.

ನೀವು ನೋಡಿರೋದು ಬಹುಶಃ ಹಳೇ ವಿಡಿಯೋ. ಒಂದೊಂದು ಪಾಲಿಗನ್, ಅಂಚನ್ನೇ ಹಿಡಿದು ತಿದ್ದುವ ಝೀಮಾಡೆಲರ್ ಬ್ರಷ್ ಬಂದದ್ದು ಝೀಬ್ರಷ್ 4ಆರ್7ರಲ್ಲಿ, 2015ಕ್ಕೆ. ಆಕಾರಗಳನ್ನು ಕೂಡಿಸುವ, ಕಳೆಯುವ ಲೈವ್ ಬೂಲಿಯನ್ 4ಆರ್8ರಲ್ಲಿ, 2017ಕ್ಕೆ. ಅದಕ್ಕೂ ಮುಂಚಿನ ಪಾಠಗಳಲ್ಲಿ ಕ್ಲಿಪ್‌ಕರ್ವ್, ಡೈನಾಮೆಶ್, ಪಾಲಿಶ್ ಬಿಟ್ಟರೆ ಗತಿ ಇರಲಿಲ್ಲ. ಈಗ ಆ ದಾರಿ ಒರಟು ಕಾನ್ಸೆಪ್ಟ್‌ಗೆ ಮಾತ್ರ ಸಾಕು.

ಕೇಸ್‌ಗೆ ಹೀಗೆ ಹೋಗಿ. ಸಿಲಿಂಡರ್3ಡಿ ತಗೊಂಡು ಇನಿಷಿಯಲೈಸ್‌ನಲ್ಲಿ ಸುತ್ತಳತೆಯ ವಿಭಾಗ 32 ಇಡಿ, ಎತ್ತರಕ್ಕೆ ಆದಷ್ಟು ಕಡಿಮೆ, ಆಮೇಲೆ ಮೇಕ್ ಪಾಲಿಮೆಶ್3ಡಿ. ಬಿ, ಝಡ್, ಎಂ ಒತ್ತಿದರೆ ಝೀಮಾಡೆಲರ್. ಎಡ್ಜ್ ಮೇಲೆ ಕರ್ಸರ್ ಇಟ್ಟು ಸ್ಪೇಸ್‌ಬಾರ್ ಹಿಡಿದರೆ ಎಡ್ಜ್‌ನ ಆಯ್ಕೆಗಳು, ಪಾಲಿಗನ್ ಮೇಲಿಟ್ಟು ಹಿಡಿದರೆ ಪಾಲಿಗನ್‌ನ ಆಯ್ಕೆಗಳು. ಇದು ಕೈಗೆ ಕೂರೋ ತನಕ ಸ್ವಲ್ಪ ಹಿಂಸೆ. ಮೇಲಂಚು, ಕೆಳಂಚಿಗೆ ಕ್ರೀಸ್ (ಅಂಚು ಚೂಪಾಗಿ ಉಳಿಸುವ ಗುರುತು), ಟಾರ್ಗೆಟ್ ಎಡ್ಜ್‌ಲೂಪ್ ಕಂಪ್ಲೀಟ್. ಡಿ ಒತ್ತಿದರೆ ಡೈನಾಮಿಕ್ ಸಬ್‌ಡಿವ್‌ನಲ್ಲಿ ನುಣುಪು ಕಾಣುತ್ತೆ, ಶಿಫ್ಟ್ ಡಿ ಒತ್ತಿದರೆ ಮತ್ತೆ ಒರಟು ಮೆಶ್.

32 ಯಾಕೆ ಅಂದರೆ, ಸಬ್‌ಡಿವೈಡ್ ಮಾಡಿದಾಗ (ಪಾಲಿಗನ್‌ಗಳನ್ನು ಒಡೆದು ನುಣುಪು ಮಾಡಿದಾಗ) ವೃತ್ತ ಒಳಕ್ಕೆ ಕುಗ್ಗುತ್ತೆ. 8 ಬದಿಯ ಸಿಲಿಂಡರ್ ಸುಮಾರು 10% ಕಳೆದುಕೊಳ್ಳುತ್ತೆ, 16 ಬದಿಯದ್ದು 2.5%, 32ರದ್ದು 0.6%. ನಿಮ್ಮ 35 ಮಿ.ಮೀ.ಗೆ 32 ಬದಿ ಇಟ್ಟರೂ 0.2 ಮಿ.ಮೀ. ಹೋಯ್ತು ಅಂತ ಲೆಕ್ಕ. ನೋಡೋಕೆ ಏನೂ ಅನಿಸಲ್ಲ, ಗಾಜು ಕೂರುವ ಅಂಚಿನಲ್ಲಿ ಮಾತ್ರ ಗಾಜು ಕೂರಲ್ಲ. ಅಳತೆ ಯಾವಾಗಲೂ ಸಬ್‌ಡಿವ್ ಆನ್ ಇಟ್ಟು ನೋಡಿ.

ಕ್ರೀಸ್ ಬಗ್ಗೆ ಒಂದು ಮಾತು. ಕ್ರೀಸ್ ಲೆವೆಲ್ 15ರಲ್ಲೇ ಬಿಟ್ಟರೆ ಅಂಚು ಬ್ಲೇಡಿನ ಹಾಗೆ ಉಳಿಯುತ್ತೆ, ಬೆಳಕು ಹಿಡಿಯಲ್ಲ, ಲೋಹ ಅನಿಸಲ್ಲ. ಅದನ್ನು 2ಕ್ಕೆ ಇಳಿಸಿ, ಒಟ್ಟು 4 ಸಲ ಡಿವೈಡ್ ಮಾಡಿ. ಮೊದಲ ಎರಡು ಹಂತ ಚೂಪು, ಮುಂದಿನ ಎರಡರಲ್ಲಿ ಅಂಚು ಸಣ್ಣಗೆ ಉರುಟಾಗುತ್ತೆ. ಆ ಉರುಟಿನ ಅಗಲ ಅಂಚಿನ ಪಕ್ಕದ ಪಾಲಿಗನ್‌ಗಳ ಅಗಲಕ್ಕೆ ತಕ್ಕಂತೆ ಬರುತ್ತೆ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇದ್ದರೆ ಆ ಉರುಟು ಕೂಡ ಹಾಗೇ ಹಾವಿನ ಥರ ಓಡುತ್ತೆ. ಎಲ್ಲ ಕಡೆ ಒಂದೇ ಅಗಲ ಬೇಕಿದ್ದರೆ ಅಂಚಿನ ಎರಡೂ ಪಕ್ಕ ಒಂದೊಂದು ಲೂಪ್ (ಸುತ್ತು ಗೆರೆ) ಸಮದೂರದಲ್ಲಿ ಹಾಕಿ.

ಬೆಲ್ಟ್ ಕಡ್ಡಿ ಕೂರುವ ನಾಲ್ಕು ಕೊಂಬು, ಲಗ್ ಅಂತಾರಲ್ಲ, ಅವನ್ನು ಸಿಲಿಂಡರಿನ ಪಕ್ಕದ ಮುಖದಿಂದ ಎಕ್ಸ್‌ಟ್ರೂಡ್ ಮಾಡಬೇಡಿ (ಹೊರಕ್ಕೆ ಎಳೆಯಬೇಡಿ). ಎಲ್ಲರೂ ಮೊದಲು ಮಾಡೋದು ಅದನ್ನೇ. ಆ ಮುಖ ಕೇಂದ್ರದಿಂದ ಹೊರಕ್ಕೆ ನೋಡುತ್ತೆ, ಆದ್ದರಿಂದ ಲಗ್‌ಗಳು ಎತ್ತಿನ ಕೊಂಬಿನ ಹಾಗೆ ಬಿರಿಯುತ್ತವೆ. ನಿಜವಾದ ವಾಚ್‌ನಲ್ಲಿ ಎರಡು ಲಗ್ ಒಂದಕ್ಕೊಂದು ಸಮಾನಾಂತರ. ಬೇರೆ ಸಬ್‌ಟೂಲ್‌ನಲ್ಲಿ ಒಂದು ಡಬ್ಬಿ ಮಾಡಿ, 3 ಮಿ.ಮೀ. ದಪ್ಪ, ಒಳಮುಖ ಮಧ್ಯಗೆರೆಯಿಂದ 9 ಮಿ.ಮೀ. ದೂರ, ತುದಿ ಕೆಳಕ್ಕೆ ಬಾಗಿಸಿ, ಬುಡ ಕೇಸ್ ಒಳಗೆ 1 ಮಿ.ಮೀ. ಹೂತಿರಲಿ. ಮಿರರ್ ಅಂಡ್ ವೆಲ್ಡ್ ಎರಡು ಅಕ್ಷಕ್ಕೆ ಒತ್ತಿದರೆ ನಾಲ್ಕೂ ಸಿದ್ಧ. ಬೆಸೆಯೋದು ಬೂಲಿಯನ್ ಕೆಲಸ.

ಕ್ವಾಡಕ್ಕ:

ಲೇತುಗಾರರು ಬಿಟ್ಟ ಬೂಲಿಯನ್ ಭಾಗ ನಾನು ಹೇಳ್ತೀನಿ, ಹೆಚ್ಚು ಜನ ಎಡವೋದು ಅಲ್ಲೇ.

ಲೈವ್ ಬೂಲಿಯನ್ ಸಬ್‌ಟೂಲ್ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದುತ್ತೆ. ಕಟರ್ (ಕಳೆಯೋಕೆ ಇಟ್ಟ ಆಕಾರ) ತನಗಿಂತ ಮೇಲಿರೋದನ್ನು ಮಾತ್ರ ಕತ್ತರಿಸುತ್ತೆ. ಹಾಗಾಗಿ ಮೊದಲು ಕೇಸ್, ಅದಕ್ಕೆ ಸ್ಟಾರ್ಟ್ ಬಾವುಟ, ಅಂದರೆ ಹೊಸ ಗುಂಪು ಇಲ್ಲಿಂದ ಶುರು ಅನ್ನೋ ಗುರುತು. ಅದರ ಕೆಳಗೆ ಲಗ್‌ಗಳು, ಕೂಡಿಸುವ ಗುರುತಿನಲ್ಲಿ. ಅದರ ಕೆಳಗೆ ಒಳಗಿನ ಟೊಳ್ಳಿಗೆ, ಗಾಜಿನ ಅಂಚಿಗೆ, ಕಡ್ಡಿ ತೂತಿಗೆ, ಕೀ ಕಡ್ಡಿ ಹೋಗುವ ತೂತಿಗೆ ಒಂದೊಂದು ಕಟರ್, ಎಲ್ಲ ಕಳೆಯುವ ಗುರುತಿನಲ್ಲಿ. ಲಗ್‌ಗಳನ್ನು ಟೊಳ್ಳಿನ ಕಟರ್‌ಗಿಂತ ಕೆಳಗೆ ಇಟ್ಟರೆ, ಒಳಕ್ಕೆ ಹೂತ ಬುಡ ಡಯಲ್ ಜಾಗದಲ್ಲಿ ಮೊಳೆಯ ಹಾಗೆ ಇಣುಕಬಹುದು. ತಿರುಪುವ ಗುಂಡಿ ಬೇರೆ ಭಾಗವಾಗಿ ಬೇಕಾದ್ದರಿಂದ ಅದಕ್ಕೂ ಒಂದು ಸ್ಟಾರ್ಟ್ ಬಾವುಟ ಹಾಕಿ.

ಮೇಕ್ ಬೂಲಿಯನ್ ಮೆಶ್ ಒತ್ತುವ ಮುಂಚೆ ಡಿಎಸ್‌ಡಿವ್ ಆನ್ ಇದೆಯಾ ನೋಡಿ. ಆಫ್ ಇದ್ದರೆ ಡೈನಾಮಿಕ್ ಸಬ್‌ಡಿವ್‌ನ ನುಣುಪು ಬಿಟ್ಟು 32 ಬದಿಯ ಒರಟು ಸಿಲಿಂಡರನ್ನೇ ಕತ್ತರಿಸಿ ಕೊಡುತ್ತೆ. ಫಲಿತಾಂಶ ಯುಮೆಶ್ ಅಂತ ಶುರುವಾಗುವ ಹೆಸರಲ್ಲಿ ಬೇರೆ ಟೂಲ್ ಆಗಿ ಬರುತ್ತೆ, ಇದ್ದ ಸಬ್‌ಟೂಲ್ ಪಟ್ಟಿಯಲ್ಲಿ ಹುಡುಕಿದರೆ ಸಿಗಲ್ಲ.

ಆ ಯುಮೆಶ್ ಪ್ರಿಂಟ್‌ಗೆ ಹಾಗೇ ನಡೆಯುತ್ತೆ. ಅದಕ್ಕೆ ಡಿವೈಡ್ ಮಾತ್ರ ಒತ್ತಬೇಡಿ, ಕತ್ತರಿಸಿದ ಅಂಚಿನಲ್ಲಿ ಉದ್ದುದ್ದ ಚೂಪು ತ್ರಿಕೋನಗಳಿರುತ್ತವೆ, ನುಣುಪು ಮಾಡಿದರೆ ಸುಕ್ಕು ಬೀಳುತ್ತೆ. ಕೂಡಿದ ಜಾಗಕ್ಕೂ ಉರುಟು ಅಂಚು ಬೇಕು ಅಂದರೆ ಒಂದು ಸುತ್ತು ಹೆಚ್ಚು ಕೆಲಸ. ಯುಮೆಶ್‌ನ ಪ್ರತಿ ಮುಖ ಬೇರೆ ಪಾಲಿಗ್ರೂಪ್ (ಒಂದೇ ಬಣ್ಣದ ಪಾಲಿಗನ್ ಗುಂಪು) ಇರಲಿ. ಬಣ್ಣ ಕಲಸಿ ಹೋಗಿದ್ದರೆ ಗ್ರೂಪ್ಸ್ ಬೈ ನಾರ್ಮಲ್ಸ್ ಒತ್ತಿ, ಕೋನ ಹೊಂದಿಸಿಕೊಳ್ಳಿ. ಆಮೇಲೆ ಡೈನಾಮೆಶ್, 15–20 ಲಕ್ಷ ಪಾಯಿಂಟ್ ಬರುವ ಹಾಗೆ. ಇಲ್ಲಿ ಗ್ರೂಪ್ಸ್ ಬಟನ್ ಆಫ್ ಇರಲೇಬೇಕು, ಆನ್ ಇದ್ದರೆ ಪ್ರತಿ ಬಣ್ಣವನ್ನೂ ಬೇರೆ ಬೇರೆ ತುಂಡಾಗಿ ಮುಚ್ಚಿ ಕೊಡುತ್ತೆ. ಮೆಟ್ಟಿಲಾದ ಗಡಿಗೆ ಡಿಫಾರ್ಮೇಷನ್‌ನ ಪಾಲಿಶ್ ಬೈ ಗ್ರೂಪ್ಸ್ 5ರಿಂದ 10 ಸಾಕು.

ಈಗ ಝೀರೀಮೆಶರ್. ಕೀಪ್ ಗ್ರೂಪ್ಸ್ ಆನ್, ಸ್ಮೂತ್ ಗ್ರೂಪ್ಸ್ 0, ಟಾರ್ಗೆಟ್ 8. ಆ ಅಂಕಿ ಸಾವಿರದ ಲೆಕ್ಕ, 8 ಅಂದರೆ ಸುಮಾರು 8,000 ಪಾಲಿಗನ್. ನಿಮಗೆ ಸುರುಳಿ ಬಂದದ್ದು ಅಂಚು ಎಲ್ಲಿದೆ ಅನ್ನೋದು ಅದಕ್ಕೆ ಗೊತ್ತಿಲ್ಲದ ಕಾರಣ. ಗ್ರೂಪ್ ಗಡಿ ಸಿಕ್ಕರೆ ಸಾಲುಗಳು ಅದರ ಉದ್ದಕ್ಕೇ ಓಡುತ್ತವೆ. 2019ರ ಆವೃತ್ತಿಯಿಂದ ಡಿಟೆಕ್ಟ್ ಎಡ್ಜಸ್ ಕೂಡ ಇದೆ, ಆದರೆ ಗ್ರೂಪ್ ಬಿಡಿಸಿಟ್ಟ ಮೆಶ್‌ಗೆ ಅದರ ಮೇಲೆ ಭಾರ ಹಾಕಬೇಕಿಲ್ಲ. ಕೊನೆಗೆ ಕ್ರೀಸ್ ಪಿಜಿ, ಲೆವೆಲ್ 2, ಡಿವೈಡ್ 4.

ಕ್ಲಿಪ್‌ಕರ್ವ್ ಬಗ್ಗೆಯೂ ಹೇಳಿಬಿಡ್ತೀನಿ. ಅದು ಕತ್ತರಿಸಲ್ಲ, ಪಾಲಿಗನ್‌ಗಳನ್ನು ಗೆರೆಗೆ ದಬ್ಬಿ ಚಪ್ಪಟೆ ಮಾಡುತ್ತೆ. ಲಗ್‌ನಂಥ ಚಾಚಿದ ಭಾಗದ ಮೇಲೆ ಎಳೆದರೆ ಕಾಗದದಷ್ಟು ತೆಳು ರೆಕ್ಕೆ ಉಳಿದುಕೊಳ್ಳುತ್ತೆ. ಕತ್ತರಿಸಿ ಮುಚ್ಚಬೇಕಾದ ಕಡೆ ನೈಫ್‌ಕರ್ವ್.

ಗೆರೆಗಾರ:

ಬೇರೆ ದನಿ ಒಂದು ಇರಲಿ. ಇಷ್ಟು ಅಳತೆಯ ವಸ್ತುವಿಗೆ ಮೂಲ ಮೆಶ್ ಬ್ಲೆಂಡರ್ ಅನ್ನೋ ಇನ್ನೊಂದು 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿ, ಗೀರು, ಸವೆತ, ಹಿಂಬದಿಯ ಅಕ್ಷರ ಮಾತ್ರ ಝೀಬ್ರಷ್‌ನಲ್ಲಿ ಮಾಡೋದು ನನಗೆ ಸರಿ ಕಾಣುತ್ತೆ. ಅಂಕಿ ಟೈಪ್ ಮಾಡಿ 0.3 ಮಿ.ಮೀ. ಬೆವೆಲ್ (ಅಂಚಿನ ಕೊರೆತ) ಕೊಡೋ ಸುಖ ಝೀಬ್ರಷ್‌ನಲ್ಲಿಲ್ಲ. ನಾಳೆ 0.4 ಬೇಕಾದರೆ ಅಂಕಿ ತಿದ್ದಿದರೆ ಆಯ್ತು.

ಯೂನಿಟ್ ಸ್ಕೇಲ್ 0.001, ಉದ್ದ ಮಿಲಿಮೀಟರ್. ಸಿಲಿಂಡರ್‌ಗೆ 64 ವರ್ಟೆಕ್ಸ್. ಮಾಡಿಫೈಯರ್ ಕ್ರಮ: ಮಿರರ್, ಬೂಲಿಯನ್‌ಗಳು, ಕೊನೆಗೆ ಬೆವೆಲ್, ಅದರ ಮೇಲೆ ವೇಟೆಡ್ ನಾರ್ಮಲ್. ಬೆವೆಲ್‌ಗೆ 3 ಸೆಗ್ಮೆಂಟ್, ಕೋನದ ಮಿತಿ 30 ಡಿಗ್ರಿ. ಬೆವೆಲ್ ಒಂದು ದಿಕ್ಕಿಗೆ ದಪ್ಪ ಇನ್ನೊಂದಕ್ಕೆ ಸಣ್ಣ ಬಂದರೆ ಆಬ್ಜೆಕ್ಟ್ ಸ್ಕೇಲ್ 1 ಇಲ್ಲ ಅಂತ ಅರ್ಥ, ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಅಂಕಿ ಏರಿಸಿದರೂ ಬೆವೆಲ್ ಬೆಳೀತಿಲ್ಲ ಅಂದರೆ ಬೂಲಿಯನ್ ಆದ ಕಡೆ ಎರಡು ವರ್ಟೆಕ್ಸ್ ಒಂದಕ್ಕೊಂದು ಅಂಟಿಕೊಂಡಷ್ಟು ಹತ್ತಿರ ಇವೆ, ಕ್ಲ್ಯಾಂಪ್ ಓವರ್‌ಲ್ಯಾಪ್ ಅಲ್ಲಿಗೇ ತಡೆ ಹಾಕಿದೆ. ಕಟರನ್ನು ಕೂದಲೆಳೆಯಷ್ಟು ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತೆ.

ಝೀಬ್ರಷ್‌ಗೆ ತರುವಾಗ ನೆನಪಿರಲಿ, ಅಲ್ಲಿ ಮೂರು ಅಥವಾ ನಾಲ್ಕು ಬದಿಯ ಪಾಲಿಗನ್ ಮಾತ್ರ. ಅದಕ್ಕಿಂತ ಹೆಚ್ಚು ಬದಿ ಇರೋದನ್ನೆಲ್ಲ ಒಡೆದು ಹಾಕುತ್ತೆ. ಹಾಗಾಗಿ ನೇರ ಡಿವೈಡ್ ಬೇಡ, ಗೀರು ಕೆತ್ತೋಕೆ ಹೆಚ್ಚಿನ ರೆಸಲ್ಯೂಷನ್‌ನ ಡೈನಾಮೆಶ್ ಸಾಕು. ಅಷ್ಟು ಪಾಲಿಗನ್ ಇರುವಲ್ಲಿ ಮೆಟ್ಟಿಲು ಪ್ರಿಂಟರಿನ ಪಿಕ್ಸೆಲ್‌ಗಿಂತ ಸಣ್ಣದಾಗಿರುತ್ತೆ.

ಲೇತುಗಾರ:

ಪ್ರಿಂಟ್ ಒಂದೇ ಗುರಿ ಆದರೆ ಗೆರೆಗಾರರ ಮಾತು ಒಪ್ಪತಕ್ಕದ್ದೇ. ಆದರೆ ಪ್ರಶ್ನೆ ಝೀಬ್ರಷ್ ಕಲಿಯೋದರ ಬಗ್ಗೆ, ಮತ್ತೆ ಕೆಳಕ್ಕೆ ಬಾಗಿ ಹೋಗುವ ಲಗ್ ಆಕಾರ ಕೈಯಲ್ಲಿ ಎಳೆದಷ್ಟು ಸಲೀಸಾಗಿ ಅಂಕಿಯಲ್ಲಿ ಬರಲ್ಲ.

ಮೇಣದಬೆರಳು:

32 ಬದಿಯ ಸಿಲಿಂಡರ್, ಬೇರೆ ಲಗ್, ಬೂಲಿಯನ್ ಕ್ರಮ ಎಲ್ಲ ಹಾಗೇ ಮಾಡಿದೆ. ಅಂಚು ಅಂಚಿನ ಹಾಗೆ ಕಾಣ್ತಿದೆ! ಎರಡು ತೊಂದರೆ ಉಳಿದಿದೆ. ಕಡ್ಡಿ ತೂತು ಎಡಗಡೆ ಲಗ್‌ನಲ್ಲಿ ಬಂತು, ಬಲಗಡೆ ಬರಲಿಲ್ಲ. ಹಿಂಬದಿ ಮುಖದಲ್ಲಿ ಮಾಡೆಲ್ ತಿರುಗಿಸಿದಾಗ ಕಲೆಗಳು ಮಿನುಗುತ್ತವೆ. ಆಮೇಲೆ, ತಿರುಪುವ ಗುಂಡಿಯ ಹಲ್ಲು ಒಂದೊಂದಾಗಿ ಕೂರಿಸೋದು ಬಿಟ್ಟು ಬೇರೆ ದಾರಿ ಇದೆಯಾ?

ಕ್ವಾಡಕ್ಕ:

ಮಿನುಗೋದು ಟೊಳ್ಳಿನ ಕಟರ್‌ನ ತಳ ಮತ್ತು ಕೇಸ್‌ನ ತಳ ಒಂದೇ ಮಟ್ಟದಲ್ಲಿ ಇರೋದಕ್ಕೆ. ಯಾವುದು ಒಳಗೆ ಯಾವುದು ಹೊರಗೆ ಅಂತ ಲೆಕ್ಕಕ್ಕೆ ಸಿಗಲ್ಲ. ಕಟರನ್ನು ಅರ್ಧ ಮಿ.ಮೀ. ಹೊರಕ್ಕೆ ಎಳೆದುಬಿಡಿ. ಹೊರಗೆ ಚಾಚಿದ ಭಾಗ ಏನನ್ನೂ ಕೆಡಿಸಲ್ಲ.

ಬಲಗಡೆಯ ಕಟರ್ ಎಡಗಡೆಯದರ ಪ್ರತಿಬಿಂಬ ತಾನೆ? ಅದರ ಮುಖಗಳು ಒಳಹೊರಗಾಗಿರಬೇಕು. ಡಿಸ್‌ಪ್ಲೇ ಪ್ರಾಪರ್ಟೀಸ್‌ನಲ್ಲಿ ಡಬಲ್ ಆನ್ ಇದ್ದರೆ ಅದು ಕಣ್ಣಿಗೆ ಗೊತ್ತಾಗಲ್ಲ. ಡಬಲ್ ಆಫ್ ಮಾಡಿ ನೋಡಿ, ಒಳಗೋಡೆ ಕಂಡರೆ ಅಲ್ಲೇ ಇರುವ ಫ್ಲಿಪ್ ಒತ್ತಿ. ಆಗಲೂ ಬರದಿದ್ದರೆ ಕಟರ್ ಎಲ್ಲೋ ತೆರೆದುಕೊಂಡಿದೆ, ಕ್ಲೋಸ್ ಹೋಲ್ಸ್ ಹಾಕಿ. ತೂತನ್ನು 1 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ, ರೆಸಿನ್ ಒಳಗೆ ನಿಂತು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತೆ. 1.2 ಇಟ್ಟರೆ ಒಳ್ಳೇದು.

ಲೇತುಗಾರ:

ಗುಂಡಿಗೆ 48 ಬದಿಯ ಸಿಲಿಂಡರ್, ಕೇಂದ್ರದಲ್ಲೇ ಇರಲಿ. ಟ್ರಾನ್ಸ್‌ಫಾರ್ಮ್‌ನಲ್ಲಿ ಸಿಮೆಟ್ರಿ ಆನ್, ಅಕ್ಷ ಗುಂಡಿಯ ಉದ್ದಕ್ಕೆ, ಆರ್ ಆನ್, ರೇಡಿಯಲ್ ಕೌಂಟ್ 24. ಝೀಮಾಡೆಲರ್‌ನಲ್ಲಿ ಒಂದು ಮುಖ ಎಕ್ಸ್‌ಟ್ರೂಡ್ ಮಾಡಿದರೆ ಒಂದು ಬಿಟ್ಟು ಒಂದರಂತೆ 24 ಹಲ್ಲೂ ಒಟ್ಟಿಗೆ ಎದ್ದು ಬರುತ್ತವೆ. ಎರಡು ಕಡೆ ಅಂತರ ಬೇರೆ ಕಂಡರೆ ಸಿಲಿಂಡರ್ ಕೇಂದ್ರ ಬಿಟ್ಟು ಸರಿದಿದೆ. ಹಲ್ಲಿನ ಅಂಚಿಗೆ ಕ್ರೀಸ್ ಹಾಕದೆ ಡಿ ಒತ್ತಿದರೆ ಹಲ್ಲೆಲ್ಲ ಚಕ್ಕುಲಿ ಮುಳ್ಳಾಗುತ್ತೆ.

ಗುಂಡಿಯ ವ್ಯಾಸ 5 ಮಿ.ಮೀ. ಅಂದರೆ ಒಂದು ಹಲ್ಲು, ಒಂದು ಸಂದು ಸೇರಿ 0.65 ಮಿ.ಮೀ. ಬರುತ್ತೆ. 0.4 ನಾಝಲ್‌ನ, ಪ್ಲಾಸ್ಟಿಕ್ ಎಳೆ ಕರಗಿಸಿ ಮುದ್ರಿಸುವ ಎಫ್‌ಡಿಎಂ ಪ್ರಿಂಟರಿಗೆ ಅದು ದಕ್ಕಲ್ಲ. ನಿಮ್ಮದು ರೆಸಿನ್, ಹಲ್ಲಿನ ಆಳ 0.3 ಇಟ್ಟರೆ ನಡೆಯುತ್ತೆ. ಕಳಿಸುವ ಮುಂಚೆ ಸ್ಕೇಲ್ ಮಾಸ್ಟರ್‌ನಲ್ಲಿ ಮಿ.ಮೀ. ಆರಿಸಿ ವ್ಯಾಸ 35 ಅಂತ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸ್ಲೈಸರ್‌ನಲ್ಲಿ (ಪ್ರಿಂಟ್‌ಗೆ ಪದರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ) ಸಾಸಿವೆ ಕಾಳಿನಷ್ಟು ವಾಚ್ ತೆರೆದುಕೊಳ್ಳುತ್ತೆ.