ಬಾಕ್ಸ್‌ಸ್ಟರ್‌ನ 10ಜೆ ವೀಲ್‌ಗೆ ಯಾವ ಸೈಜ್ ಟೈರ್? ಅನುಭವ ಇದ್ದವರು ಹೇಳಿ

ಕೇಳಿದವರು, ಜಯನಗರ

ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಸ್ಟರ್ ಎಸ್ ತಗೊಂಡೆ, 2007ರ ಗಾಡಿ. ಕಂಪನಿ ಸೆಟ್‌ನಲ್ಲಿ 18 ಇಂಚಿನ ವೀಲ್, ಮುಂದೆ 8ಜೆಗೆ (ಅಂದರೆ ವೀಲ್ ಅಗಲ 8 ಇಂಚು) 235/40 ಟೈರ್ (ಅಗಲ 235 ಮಿ.ಮೀ., ಸೈಡ್‌ವಾಲ್ ಎತ್ತರ ಅದರ ಶೇಕಡಾ 40), ಹಿಂದೆ 9ಜೆಗೆ 265/40. ಹಿಂದಿನ ಮಾಲೀಕರು ಅದನ್ನು ತೆಗೆದು ಬೇರೆ ಅಲಾಯ್ ಹಾಕಿಸಿದ್ದಾರೆ. ಅದೂ 18 ಇಂಚೇ, ಆದರೆ ಮುಂದೆ 8.5ಜೆ, ಹಿಂದೆ 10ಜೆ. ಈಗ ಮುಂದೆ 235/40, ಹಿಂದೆ 275/40 ಇದೆ. ಟೈರ್ ಕಲ್ಲಾಗಿವೆ, ನಾಲ್ಕೂ ಬದಲಿಸಬೇಕು. ಹಿಂದೆ ಒಳಗಿನ ಪ್ಲಾಸ್ಟಿಕ್ ಲೈನರ್ ಮೇಲೆ ಉಜ್ಜಿದ ಗುರುತೂ ಇದೆ.

ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿದೆ. ಒಬ್ಬರು "ವೀಲ್ ಇಷ್ಟು ಅಗಲ ಇದೆ ಅಂದ್ಮೇಲೆ 285 ಹಾಕ್ಲೇಬೇಕು" ಅಂದರು. ಇನ್ನೊಬ್ಬರು 275 ಸಾಕು ಅಂದರು. ಮೂರನೆಯವರು ಸೈಜ್ ಕೇಳುವ ಮೊದಲೇ ಬಿಲ್ ಪುಸ್ತಕ ತೆಗೆದರು. ಓಡಾಟ ದಿನಾ ಇಲ್ಲ. ಭಾನುವಾರ ಬೆಳಗ್ಗೆ ನಂದಿ ಬೆಟ್ಟ, ಅಪರೂಪಕ್ಕೆ ಮೈಸೂರು. ಹಂಪ್‌ನಲ್ಲಿ ಈಗಲೇ ಹೊಟ್ಟೆ ತಾಗುತ್ತದೆ. ಏನು ಹಾಕಿಸಲಿ?

ಬಿಎಂಡಬ್ಲ್ಯೂ ಝಡ್4, ಬನಶಂಕರಿ

ಸರ್, ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನನ್ನ ಗಾಡಿಗೆ ಕಂಪನಿ ಸೈಜ್ ಮುಂದೆ 225/40 ಆರ್18, ಹಿಂದೆ 255/35 ಆರ್18. ಶೋಕಿಗೆ ನಾಲ್ಕೂ ಕಡೆ 9.5ಜೆ ವೀಲ್ ಹಾಕಿಸಿ, ಮುಂದೆ ಅದೇ 225 ಟೈರನ್ನು ಎಳೆದು ಕೂರಿಸಿದೆ. ಆ ಸೈಜ್ 9ಜೆ ದಾಟಬಾರದು ಅಂತ ಆಗ ಗೊತ್ತಿರಲಿಲ್ಲ. ಅಂಗಡಿಯವರೂ ಹೇಳಲಿಲ್ಲ. ನೋಡಲು ಮಾತ್ರ ಭರ್ಜರಿಯಾಗಿತ್ತು. ಟೈರ್ ಒಳಕ್ಕೆ ವಾಲಿ, ರಿಮ್ ಅಂಚು ಹೊರಗೆ ಚಾಚಿಕೊಂಡಿತ್ತು.

ಎರಡು ವಾರಕ್ಕೊಮ್ಮೆ ಗಾಳಿ ಇಳಿಯುತ್ತಿತ್ತು. ಆಮೇಲೆ ಒಂದು ರಾತ್ರಿ ಮಳೆಯಲ್ಲಿ ಹೊಸೂರು ರಸ್ತೆಯ ಗುಂಡಿಗೆ ಮುಂದಿನ ಎಡ ಚಕ್ರ ಇಳಿಯಿತು. ನೀರು ತುಂಬಿದ್ದರಿಂದ ಗುಂಡಿ ಕಾಣಲೇ ಇಲ್ಲ. ಟೈರ್ ಅಂಚು ರಿಮ್ ಬಿಟ್ಟು ಕಳಚಿತು, ಅಲಾಯ್ ಊಟದ ತಟ್ಟೆ ಬಗ್ಗಿದ ಹಾಗೆ ಬಗ್ಗಿತು. ಸ್ಟೆಪ್ನಿ ಬೇರೆ ಇಲ್ಲ. ರಾತ್ರಿ ಹನ್ನೊಂದರಿಂದ ಒಂದೂವರೆವರೆಗೆ ಫುಟ್‌ಪಾತ್ ಮೇಲೆ ಕೂತಿದ್ದೆ.

ಹಾರ್ನ್‌ಗಿಂತ ಲೆಕ್ಕ ಇಷ್ಟ, ಮಲ್ಲೇಶ್ವರ

ಅಂಗಡಿಯವರು ಲೆಕ್ಕವನ್ನು ತಿರುವುಮುರುವು ಮಾಡಿದ್ದಾರೆ. ವೀಲ್ ಅಗಲ ಆದ ಕೂಡಲೇ ಟೈರೂ ಅಗಲ ಆಗಬೇಕು ಅಂತಿಲ್ಲ. ಪ್ರತಿ ಟೈರ್ ಸೈಜ್‌ಗೂ ಇಷ್ಟರಿಂದ ಇಷ್ಟು ಜೆ ಒಳಗೆ ಅಂತ ಒಂದು ಮಿತಿ ಇರುತ್ತದೆ. 265/40 ಆರ್18ಕ್ಕೆ ಅದು 9ರಿಂದ 10.5. ನಿಮ್ಮ 10ಜೆ ಅದರೊಳಗೆ ಆರಾಮಾಗಿ ಕೂರುತ್ತದೆ. 235/40 ಆರ್18ಕ್ಕೆ 8ರಿಂದ 9.5, ಆ ಟೈರಿನ ಅಗಲ ಅಳೆಯಲು ಇಟ್ಟುಕೊಳ್ಳುವ ರಿಮ್ಮೇ 8.5. ಅಂದ್ರೆ ಮುಂದಿನ ವೀಲ್ ನಿಮ್ಮ ಕಂಪನಿ ಸೈಜ್‌ಗೆ ಹೇಳಿ ಮಾಡಿಸಿದ ಹಾಗಿದೆ. ನನ್ನ ಪ್ರಕಾರ ಮುಂದೆ 235/40, ಹಿಂದೆ 265/40. ಕಂಪನಿ ಕೊಟ್ಟಿದ್ದೇ ಸರಿ.

ಎತ್ತರದ ಲೆಕ್ಕ ನೋಡಿ. 265ರ ಶೇಕಡಾ 40 ಅಂದರೆ 106 ಮಿ.ಮೀ. ಅದು ಮೇಲೊಂದು ಕೆಳಗೊಂದು, 212. ಜೊತೆಗೆ 18 ಇಂಚಿನ 457. ಒಟ್ಟು 669. ಇದೇ ರೀತಿ ಈಗಿನ 275/40 ಹಾಕಿದರೆ 677. ಅಂಗಡಿಯವರ 285 ಅಂದರೆ 285/35 ಇರಬೇಕು, ಅದು 657. ಮಿತಿಯ ಪ್ರಕಾರ 10ಜೆಗೆ ಅದೂ ಕೂರುತ್ತದೆ, ಸುಳ್ಳಲ್ಲ. ಆದರೆ ಕಂಪನಿ ಸೈಜ್‌ಗಿಂತ ಹಿಂಭಾಗ 6 ಮಿ.ಮೀ. ಕೆಳಗೆ ಬರುತ್ತದೆ. ಈಗ 275/40 ಇರುವಾಗಲೇ ಹೊಟ್ಟೆ ತಾಗುತ್ತಿದೆ, ಇದು ಅದಕ್ಕಿಂತ 10 ಮಿ.ಮೀ. ತಗ್ಗು. ಮೇಲಾಗಿ ಮುಂದಿನ 235/40ರ ಎತ್ತರ 645. ಕಂಪನಿ ಸೆಟ್‌ನಲ್ಲಿ ಮುಂದಕ್ಕೂ ಹಿಂದಕ್ಕೂ 24 ಮಿ.ಮೀ. ವ್ಯತ್ಯಾಸ ಇಟ್ಟಿದ್ದಾರೆ. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲಾ ಚಕ್ರ ತಿರುಗುವ ವೇಗವನ್ನು ಒಂದಕ್ಕೊಂದು ಹೋಲಿಸಿ ಕೆಲಸ ಮಾಡುತ್ತವೆ. ಆ ವ್ಯತ್ಯಾಸವನ್ನು ಸುಮ್ನೆ ಅರ್ಧಕ್ಕೆ ಇಳಿಸಲು ನನಗಂತೂ ಮನಸ್ಸು ಬರಲ್ಲ.

ಇನ್ನೊಂದು, ಲೋಡ್ ಇಂಡೆಕ್ಸ್. ಸೈಜ್ ಪಕ್ಕದಲ್ಲಿ 97ವೈ ಅಂತೇನೋ ಇರುತ್ತದಲ್ಲ, ಅದು. 91 ಅಂದರೆ ಒಂದು ಟೈರ್ 615 ಕೆ.ಜಿ. ಹೊರುತ್ತದೆ, 97 ಅಂದರೆ 730. ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ ಸೀಟಿನ ಹಿಂದೆ, ಭಾರ ಹಿಂದಕ್ಕೇ ಜಾಸ್ತಿ. ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ಕಮ್ಮಿ ಇಂಡೆಕ್ಸ್ ತಗೋಬೇಡಿ. ಸೈಡ್‌ವಾಲ್ ಮೇಲೆ ಎನ್0, ಎನ್1 ಅಂತ ಗುರುತಿದ್ದರೆ ಪೋರ್ಷೆ ಒಪ್ಪಿದ ಟೈರ್. ಸಿಕ್ಕರೆ ಒಳ್ಳೆಯದು.

ಕೇಳಿದವರು, ಜಯನಗರ

ತುಂಬಾ ಥ್ಯಾಂಕ್ಸ್ ಸರ್. ಆದ್ರೆ 10ಜೆಗೆ 265 ಹಾಕಿದರೆ ಬನಶಂಕರಿಯವರ ಗಾಡಿ ತರಹ ಎಳೆದ ಹಾಗೆ ಕಾಣಲ್ವಾ?

ಹಾರ್ನ್‌ಗಿಂತ ಲೆಕ್ಕ ಇಷ್ಟ, ಮಲ್ಲೇಶ್ವರ

ಇಲ್ಲ. ರಿಮ್ ಅರ್ಧ ಇಂಚು ಅಗಲ ಆದರೆ ಅದೇ ಟೈರ್ ಸುಮಾರು 5 ಮಿ.ಮೀ. ಅಗಲವಾಗುತ್ತದೆ. 10ಜೆ ಮೇಲೆ ನಿಮ್ಮ 265 ಹತ್ತಿರಹತ್ತಿರ 276 ಬರುತ್ತದೆ. ಜೆ ಲೆಕ್ಕ ಟೈರ್ ಕೂರುವ ಒಳಜಾಗದ್ದು. ಹೊರಗಿನಿಂದ ಹೊರಕ್ಕೆ ಅಳೆದರೆ ವೀಲ್ ಒಂದಿಂಚು ಜಾಸ್ತಿ, ಅಂದರೆ 279ರ ಆಸುಪಾಸು. ಎರಡೂ ಸಮಸಮ. ಕರ್ಬ್‌ಗೆ ತಾಗಿಸಿ ಪಾರ್ಕ್ ಮಾಡುವ ಅಭ್ಯಾಸ ಇದ್ದರೆ ಅದನ್ನು ಮಾತ್ರ ಬಿಟ್ಟುಬಿಡಿ.

ಚಪಾತಿ ಹಿಟ್ಟು ಮೇಡಂ, ರಾಜಾಜಿನಗರ

ಎಲ್ಲರೂ ಅಗಲ, ಎತ್ತರ ಅಂತಿದ್ದೀರಿ. ಆಫ್‌ಸೆಟ್, ಅಂದರೆ ವೀಲ್‌ನ ನಡುಗೆರೆಯಿಂದ ಅದರ ಬೋಲ್ಟ್ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನೋದು, ಯಾರೂ ಕೇಳಲಿಲ್ಲವಲ್ಲ! ವೀಲ್ ಬಿಚ್ಚಿ ಹಿಂಬದಿ ನೋಡಿ, ಇಟಿ ಅಂತ ಒಂದು ನಂಬರ್ ಇರುತ್ತದೆ. ನಿಮ್ಮ ಕಂಪನಿ ಹಿಂದಿನ ವೀಲ್ 9ಜೆ ಇಟಿ43. ಈಗಿನದು 10ಜೆ ಇಟಿ40 ಅಂತ ಇಟ್ಟುಕೊಳ್ಳಿ. ಒಂದಿಂಚಿನಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ. ಇಟಿ ಮೂರು ಕಮ್ಮಿ ಆಗಿದ್ದಕ್ಕೆ ವೀಲ್ ಮೂರು ಮಿ.ಮೀ. ಹೊರಕ್ಕೆ. ಒಟ್ಟು ಸುಮಾರು 16 ಮಿ.ಮೀ. ಫೆಂಡರ್ ಕಡೆಗೆ, 10 ಮಿ.ಮೀ. ಒಳಗಿನ ಸಸ್ಪೆನ್ಷನ್ ಕಡೆಗೆ ಬರುತ್ತದೆ.

ಇದನ್ನು ಕಾಗದದಲ್ಲಿ ಹಾಕಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ನಾನು ಮಾಡಿದ್ದು ಹೇಳುತ್ತೇನೆ. ಚಪಾತಿ ಹಿಟ್ಟನ್ನು ಸ್ವಲ್ಪ ಗಟ್ಟಿಯಾಗೇ ಕಲಸಿ, ಲಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ. ಫೆಂಡರ್ ಒಳಗೆ ಮೂರು ಕಡೆ, ಸಸ್ಪೆನ್ಷನ್ ಕಡೆ ಒಂದು ಅಂಟಿಸಿ. ಕೆಳಗೆ ಬೀಳದಿರಲು ಮೊದಲು ಜಾಗ ಒರೆಸಿ ಒಣಗಿಸಿ. ಇಬ್ಬರು ಕೂತು, ಡಿಕ್ಕಿಯಲ್ಲಿ ಎರಡು ಅಕ್ಕಿ ಮೂಟೆ ಹಾಕಿಕೊಂಡು, ಮನೆ ಹತ್ತಿರದ ಹಂಪನ್ನು ಓರೆಯಾಗಿ ನಿಧಾನಕ್ಕೆ ಹತ್ತಿಳಿಸಿ. ವಾಪಸ್ ಬಂದು ಹಿಟ್ಟು ಎಷ್ಟು ದಪ್ಪ ಉಳಿದಿದೆ ಅಂತ ಸ್ಕೇಲ್ ಹಿಡಿದು ನೋಡಿ. ಅಷ್ಟೇ ನಿಮಗಿರುವ ಜಾಗ. ಪಕ್ಕದ ಮನೆಯವರು ಪೂಜೆ ಅಂದುಕೊಂಡರು, ಅದು ಬೇರೆ ಮಾತು.

ಬೋಲ್ಟ್ ಕೂಡ ನೋಡಿ. ಪೋರ್ಷೆ ವೀಲ್ ಬೋಲ್ಟ್ ಕೂರುವ ಜಾಗ ಗುಂಡಗೆ ಇರುತ್ತದೆ. ಹೊರಗಿನ ಅಲಾಯ್‌ಗಳಲ್ಲಿ ಎಷ್ಟೋ ಸಲ ಅದು ಕೋನ್ ಆಕಾರ. ಬೋಲ್ಟ್ ವೀಲ್‌ಗೆ ಹೊಂದದಿದ್ದರೆ ಟೈರ್ ಎಷ್ಟು ಒಳ್ಳೆಯದಾದರೂ ದಂಡ.

ಟ್ರ್ಯಾಕ್ ಹುಚ್ಚ, ಯಲಹಂಕ

ನಾನು ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋಗುವವನು. ಟ್ರೆಡ್‌ವೇರ್ (ಸವೆತದ ರೇಟಿಂಗ್) 200ರ ಸೆಮಿ ಸ್ಲಿಕ್, ಅಂದರೆ ಗ್ರೂವ್ ಕಮ್ಮಿ ಇರುವ ಮೆತ್ತನೆ ಟೈರ್ ಹಾಕಿದ್ದೇನೆ. ಒಣ ರಸ್ತೆಯಲ್ಲಿ ಅದು ಫೆವಿಕಾಲ್. ಆದರೆ ಮೇ ತಿಂಗಳ ಮಳೆಯಲ್ಲಿ ಏರ್‌ಪೋರ್ಟ್ ರಸ್ತೆಯಲ್ಲಿ ಮನೆಗೆ ಬರುವಾಗ ನಿಂತ ನೀರಿನ ಮೇಲೆ ಹಿಂಭಾಗ ತೇಲಿದ್ದು ಇನ್ನೂ ಮರೆತಿಲ್ಲ. ಗಾಡಿ ಹಗುರ, ಟೈರ್ ಅಗಲ ಆದಷ್ಟೂ ನೀರನ್ನು ಸೀಳುವುದು ಕಷ್ಟ. ಕಾನೂನಿಗೆ 1.6 ಮಿ.ಮೀ. ಗ್ರೂವ್ ಸಾಕು, ನಾನು 3 ಬಂದ ಕೂಡಲೇ ಎಸೆಯುತ್ತೇನೆ. ಬಿಸಿಯಾದ ಸೆಮಿ ಸ್ಲಿಕ್ ರಸ್ತೆಯ ಜಲ್ಲಿ ಎಲ್ಲಾ ಅಂಟಿಸಿಕೊಂಡು ಫೆಂಡರ್ ಒಳಗೆ ಹೊಡೆಯುತ್ತದೆ, ಬೀನ್ಸ್ ಹುರಿದ ಸದ್ದು. ನಂದಿ ಬೆಟ್ಟಕ್ಕೆ ಸಾಮಾನ್ಯ ಪರ್ಫಾರ್ಮೆನ್ಸ್ ಟೈರೇ ಹಾಕಿ ಗುರು.

ಹಳೇ ಸ್ಟಾಕ್ ಪತ್ತೆದಾರ, ವಿಜಯನಗರ

ಸೈಜ್ ಸಿಕ್ಕಿತು ಅಂತ ಖುಷಿಯಲ್ಲಿ ದುಡ್ಡು ಕೊಡಬೇಡಿ. ಸೈಡ್‌ವಾಲ್ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. 265/40 ಆರ್18 ತರಹದ ಸೈಜ್ ಕೇಳುವವರು ಕಮ್ಮಿ, ಹಾಗಾಗಿ ಗೋಡೌನ್‌ನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ನನಗೆ ಒಂದು ಅಂಗಡಿಯಲ್ಲಿ ನಾಲ್ಕರಲ್ಲಿ ಎರಡು ಹೊಸದು, ಎರಡು ಐದು ವರ್ಷ ಹಳೆಯದು ಕೊಟ್ಟಿದ್ದರು. ಕೇಳಿದ್ದಕ್ಕೆ "ರಬ್ಬರ್ ಅಲ್ವಾ ಸರ್, ಹಾಲಲ್ಲವಲ್ಲ" ಅಂದರು. ಐಎಸ್‌ಐ ಗುರುತನ್ನೂ ನೋಡಿ. 2020ರ ಜೂನ್‌ನಿಂದ ಟೈರ್ ಆಮದಿಗೆ ಲೈಸೆನ್ಸ್ ಬೇಕು, ಅದಕ್ಕೇ ಇಂಥ ಸೈಜ್‌ಗಳಿಗೆ ಕಾಯಬೇಕಾಗುತ್ತದೆ. ಕಾಯಿರಿ.

ಕೇಳಿದವರು, ಜಯನಗರ

ಎಲ್ಲರಿಗೂ ಥ್ಯಾಂಕ್ಸ್. 235/40, 265/40 ಅಂತ ತೀರ್ಮಾನ ಮಾಡಿ ಮುಂಗಡ ಕೊಡಲು ಹೊರಟಿದ್ದೆ. ಅದಕ್ಕೂ ಮೊದಲು ಮೇಡಂ ಹೇಳಿದ ಹಿಟ್ಟಿನ ಪ್ರಯೋಗ ಮಾಡಿದೆ. ವೀಲ್ ಹಿಂದೆ ಇಟಿ42 ಇದೆ, ಎರಡೂ ಕಡೆ ಒಂದೇ. ಈಗಿನ 275 ಟೈರ್‌ನಲ್ಲೇ ನೋಡಿದ್ದು. ಬಲಗಡೆ ಫೆಂಡರ್ ಒಳಗೆ 7 ಮಿ.ಮೀ. ಹಿಟ್ಟು ಉಳಿದಿದೆ. ಎಡಗಡೆ ಪೂರ್ತಿ ಒರೆಸಿಹೋಗಿದೆ. ಉಜ್ಜಿದ ಗುರುತು ಇದ್ದದ್ದೂ ಎಡಗಡೆಯೇ. ವೀಲ್ ಒಂದೇ, ಟೈರ್ ಒಂದೇ, ಹಾಗಾದ್ರೆ ಇದೇನು?

ಚಪಾತಿ ಹಿಟ್ಟು ಮೇಡಂ, ರಾಜಾಜಿನಗರ

ಗಾಡಿ ಯಾವಾಗಲೋ ಎಡಗಡೆ ಗುದ್ದಿಸಿಕೊಂಡಿರಬಹುದು, ಇಲ್ಲವೇ ಆ ಕಡೆ ಸ್ಪ್ರಿಂಗ್ ಕೂತಿರಬಹುದು. ಎಡ ಟೈರಿನ ಒಳ ಅಂಚಿಗೆ ಕೈ ಹಾಕಿ ಸವರಿ ನೋಡಿ, ಬಲದ್ದಕ್ಕಿಂತ ನುಣ್ಣಗಿದೆಯಾ? ಅಲೈನ್‌ಮೆಂಟ್ ಮಾಡುವವರ ಹತ್ತಿರ ಹಿಂದಿನ ಎರಡೂ ಚಕ್ರದ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಅನ್ನೋದು) ಅಳೆಸಿ, ಪ್ರಿಂಟ್ ತೆಗೆಸಿ ಇಲ್ಲಿ ಹಾಕಿ. ಮುಂಗಡ ಈಗಲೇ ಕೊಡಬೇಡಿ.