ಸಹಾಯ ಬೇಕು: ಕೀಮೋ ಶುರುವಾದ್ಮೇಲೆ ಅಪ್ಪನ ಕಿವಿ ಮಂದವಾಗ್ತಿದೆ

ನಮಸ್ಕಾರ. ನಾವಿರೋದು ಬಸವನಗುಡಿ. ಅಪ್ಪನಿಗೆ 66 ವರ್ಷ, ಗಂಟಲ ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ ಕೊಡ್ತಿದ್ದಾರೆ. ಎರಡು ಸಲ ಆಗಿದೆ, ಮೂರನೇದು ಮುಂದಿನ ಗುರುವಾರ.

ಎರಡನೇ ಸಲ ಆಗಿ ನಾಲ್ಕೈದು ದಿನಕ್ಕೆ "ಕಿವೀಲಿ ಜೀರುಂಡೆ ಕೂಗಿದ ಹಾಗಾಗ್ತಿದೆ" ಅಂದ್ರು. ಸುಸ್ತಿಗಿರಬೇಕು ಅಂದ್ಕೊಂಡ್ವಿ. ಆಮೇಲೆ ನೋಡಿದ್ರೆ ಥರ್ಮಾಮೀಟರ್ ಬೀಪ್ ಅಂದದ್ದು ಅವರಿಗೆ ಕೇಳಿಸ್ತಾನೇ ಇಲ್ಲ, ಕಂಕುಳಲ್ಲಿ ಇಟ್ಕೊಂಡು ಹಾಗೇ ಕೂತಿರ್ತಾರೆ. ನನ್ನ ಮಾತು ಕೇಳತ್ತೆ, ಮೊಮ್ಮಗಳ ಸಣ್ಣ ದನಿ ಸಿಗಲ್ಲ. ಅವಳ ಬಾಯನ್ನೇ ನೋಡ್ತಾ ಕೂತಿರ್ತಾರೆ, ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ.

ಕಿವಿ ಡಾಕ್ಟರ್‌ಗೆ ತೋರಿಸಿದ್ವಿ. ಗುಗ್ಗೆ ಇಲ್ಲ, ಕಿವಿತಮಟೆ ಚೆನ್ನಾಗಿದೆ. ಆಡಿಯೋಗ್ರಾಂನಲ್ಲಿ (ಯಾವ ಶಬ್ದ ಎಷ್ಟು ಕೇಳತ್ತೆ ಅಂತ ತೋರಿಸೋ ಗ್ರಾಫ್; ಹರ್ಟ್ಸ್ ಹೆಚ್ಚಿದಷ್ಟೂ ಶಬ್ದ ಕೀಚಲು) 4000 ಹರ್ಟ್ಸ್‌ವರೆಗೆ ಪರವಾಗಿಲ್ಲ, ಅಲ್ಲಿಂದ 8000ಕ್ಕೆ ಗೆರೆ ಇಳಿದುಬಿಟ್ಟಿದೆ. ಈ ಔಷಧಿ ಒಳಕಿವಿಯ ಕೂದಲಿನಂಥ ಕೋಶಗಳನ್ನ ಹಾಳು ಮಾಡತ್ತೆ, ಮೊದಲು ಹೋಗೋದು ಕೀಚಲು ಶಬ್ದ, ಹೋದದ್ದು ಸಾಮಾನ್ಯವಾಗಿ ವಾಪಸ್ ಬರಲ್ಲ ಅಂದ್ರು. ಕೀಮೋಗೆ ಮುಂಚೆ ಕಿವಿ ಪರೀಕ್ಷೆ ಯಾರೂ ಮಾಡಿಸಿರಲಿಲ್ಲ. ಹಾಗಾಗಿ ವಯಸ್ಸಿಂದ ಎಷ್ಟು, ಔಷಧಿಯಿಂದ ಎಷ್ಟು ಅಂತ ಹೇಳೋಕಾಗಲ್ವಂತೆ.

ಕ್ಯಾನ್ಸರ್ ಡಾಕ್ಟರ್ "ಕಿವಿಯವರು ಬರೆದುಕೊಡಲಿ" ಅಂತಾರೆ. ಕಿವಿಯವರು "ಔಷಧಿ ಬದಲಿಸೋದು ಅವರ ತೀರ್ಮಾನ" ಅಂತಾರೆ. ಕಾರ್ಬೋಪ್ಲಾಟಿನ್ ಅನ್ನೋ ಇದೇ ಜಾತಿಯ ಇನ್ನೊಂದು ಕೀಮೋ ಔಷಧಿಯಿಂದ ಕಿವಿಗೆ ತೊಂದರೆ ಕಮ್ಮಿ ಅಂತ ಓದಿದೆ, ಆದ್ರೆ ಕಾಯಿಲೆ ಮೇಲೆ ಅಷ್ಟೇ ಕೆಲಸ ಮಾಡತ್ತಾ ಅನ್ನೋದೇ ಭಯ. ನಾವಾಗಿ ಡೋಸ್ ತಪ್ಪಿಸಲ್ಲ.

ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿದ್ರೆ ದಯವಿಟ್ಟು ಹೇಳಿ: ಡಾಕ್ಟರ್ ಡೋಸ್ ಕಮ್ಮಿ ಮಾಡಿದ್ರಾ, ಔಷಧಿ ಬದಲಿಸಿದ್ರಾ, ಅದೇ ಮುಂದುವರಿಸಿದ್ರಾ? ಮತ್ತೆ, 8000 ಹರ್ಟ್ಸ್ ಮೇಲಿನ ಹೈ ಫ್ರೀಕ್ವೆನ್ಸಿ ಪರೀಕ್ಷೆ ಬೆಂಗಳೂರಲ್ಲಿ ಎಲ್ಲಿ ಮಾಡ್ತಾರೆ? ಗುರುವಾರದೊಳಗೆ ಮಾಡಿಸಬೇಕು.