ಆಲೆಮನೆಯಲ್ಲಿ ಶೂಟಿಂಗ್: ಯಾವ ಲೈಟಿಗೆ ಯಾವ ಜೆಲ್?

ಪ್ರಶ್ನೆ (ಮಂಡ್ಯದಿಂದ):
ಸರ್, ನಮಸ್ಕಾರ. ಮದುವೆ ವಿಡಿಯೊ ಮಾಡೋನು ನಾನು. ಈಗ ನಮ್ಮ ಕಡೆಯ ಆಲೆಮನೆ ಬಗ್ಗೆ ಒಂದು ಸಣ್ಣ ಸಾಕ್ಷ್ಯಚಿತ್ರ ಒಪ್ಪಿಕೊಂಡಿದ್ದೀನಿ. ಟೆಸ್ಟ್ ಶೂಟ್ ಮಾಡಿ ನೋಡಿದ್ರೆ ತಲೆ ಕೆಟ್ಟುಹೋಯ್ತು. ಶೆಡ್ಡಿನ ಎರಡು ಬದಿ ಗೋಡೆ ಇಲ್ಲ, ಅಲ್ಲಿಂದ ಹಗಲು ಬೆಳಕು. ಮೇಲೆ ಟ್ಯೂಬ್‌ಲೈಟು. ಕೆಳಗೆ ಒಲೆ ಉರಿ. ನಾನು ಹಾಕಿದ್ದು ಒಂದು 1000 ವ್ಯಾಟ್ ಹ್ಯಾಲೋಜನ್, ಒಂದು ಎಲ್‌ಇಡಿ ಪ್ಯಾನೆಲ್. ಕೊಪ್ಪರಿಗೆ ಹತ್ತಿರ ನಿಂತವರ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ, ಹಣೆ ಹಸಿರು. ಎಡಿಟಿಂಗಲ್ಲಿ ಎಷ್ಟು ತಿದ್ದಿದರೂ ಸರಿಹೋಗ್ತಿಲ್ಲ. ಲೈಟಿನ ಮುಂದೆ ಕರೆಕ್ಷನ್ ಜೆಲ್, ಅಂದ್ರೆ ಬಣ್ಣ ತಿದ್ದೋ ಪಾರದರ್ಶಕ ಹಾಳೆ, ಹಾಕಿ ಅಂತಾರೆ. ಯಾವುದಕ್ಕೆ ಯಾವುದು ಹಾಕಲಿ?

ಉತ್ತರ (ಲೈಟಿಂಗ್ ಕ್ಯಾಮೆರಾಮನ್, ಮೈಸೂರು):
ನಮಸ್ಕಾರ. ಎಡಿಟಿಂಗಲ್ಲಿ ಯಾಕೆ ಸರಿಹೋಗಲ್ಲ ಅನ್ನೋದನ್ನ ಮೊದಲು ನೋಡೋಣ. ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನ ಬಿಳಿ ಅಂತ ಹಿಡೀಬೇಕು ಅನ್ನೋ ಸೆಟ್ಟಿಂಗ್, ತಿದ್ದಿದರೆ ಇಡೀ ಫ್ರೇಮೇ ಒಂದು ಕಡೆಗೆ ವಾಲುತ್ತೆ. ಕಿತ್ತಳೆ ಕೆನ್ನೆ ಸರಿಮಾಡಿದಷ್ಟೂ ನೀಲಿ ಕೆನ್ನೆ ಇನ್ನೂ ನೀಲಿಯಾಗುತ್ತೆ. ಜೆಲ್ ಹಾಗಲ್ಲ, ಒಂದೇ ಒಂದು ಲೈಟಿನ ಬಣ್ಣ ಬದಲಿಸುತ್ತೆ. ಅದಕ್ಕೇ ಈ ಕೆಲಸ ಲೊಕೇಶನ್ನಲ್ಲೇ ಮುಗೀಬೇಕು.

ಜೆಲ್ ಕೈಗೆತ್ತಿಕೊಳ್ಳೋ ಮುಂಚೆ, ನಿಮ್ಮ ಕೈಲಿ ಬದಲಿಸೋಕಾಗದ ಬೆಳಕು ಯಾವುದು ಅಂತ ಗೊತ್ತುಮಾಡಿಕೊಳ್ಳಿ. ಆಲೆಮನೆಯಲ್ಲಿ ಅಂಥವು ಎರಡು: ಬದಿಯಿಂದ ಬರೋ ಹಗಲು, ಒಲೆ ಉರಿ. ಮಿಕ್ಕಿದ್ದೆಲ್ಲ ಅವಕ್ಕೆ ಹೊಂದಿಕೊಳ್ಳಬೇಕು. ಟ್ಯೂಬ್‌ಲೈಟ್ ಅಂತೂ ಮಾಲೀಕರನ್ನ ಕೇಳಿ ಆರಿಸಿಬಿಡಿ, ಹಣೆ ಮೇಲಿನ ಹಸಿರು ಅಲ್ಲಿಗೇ ಹೋಗುತ್ತೆ.

ಈಗ ಲೆಕ್ಕ. ಬೆಳಕಿನ ಬಣ್ಣ ಅಳೆಯೋದು ಕೆಲ್ವಿನ್‌ನಲ್ಲಿ; ನಂಬರು ಇಳಿದಷ್ಟೂ ಕಿತ್ತಳೆ, ಏರಿದಷ್ಟೂ ನೀಲಿ. ಹಗಲು ಬೆಳಕನ್ನ ಸುಮಾರು 5600 ಕೆಲ್ವಿನ್ ಅಂತ ಹಿಡೀತೀವಿ. ನಿಮ್ಮ ಹ್ಯಾಲೋಜನ್ 3200. ಒಲೆ ಉರಿ 2000ದ ಆಸುಪಾಸು. ಹ್ಯಾಲೋಜನ್ನನ್ನ ಹಗಲಿಗೆ ಸಮ ಮಾಡೋಕೆ ಫುಲ್ ಸಿಟಿಬಿ, ಅಂದರೆ ನೀಲಿ ಜೆಲ್ ಬೇಕು. ಆದರೆ ಅದು ಬೆಳಕನ್ನ ನುಂಗಿಹಾಕುತ್ತೆ. ಲೀ ಕಂಪನಿಯ 201 ನಂಬರಿನ ಹಾಳೆ ಹಾಕಿದರೆ ಮೂರರಲ್ಲಿ ಒಂದು ಪಾಲು ಬೆಳಕಷ್ಟೇ ಆಚೆ ಬರೋದು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ) ಹೋಯ್ತು ಅನ್ನಿ. ಬಿಸಿಲಿಗೆ ಎದುರಾಗಿ ಆ ಲೈಟು ಏನೂ ಸಾಲಲ್ಲ. ಕಿತ್ತಳೆ ಜೆಲ್, ಸಿಟಿಒ, ಇಷ್ಟು ತಿನ್ನಲ್ಲ. ಅದರ ಫುಲ್ ಹಾಳೆಯಲ್ಲೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಬೆಳಕು ದಾಟುತ್ತೆ. ಹಾಗಾಗಿ ನನ್ನ ಸಲಹೆ: ಈ ಶೂಟಿಂಗಿಗೆ ಹ್ಯಾಲೋಜನ್ ಮನೇಲೇ ಬಿಡಿ, 5600ರ ಎಲ್‌ಇಡಿ ಇಟ್ಟುಕೊಂಡು ಅದಕ್ಕೆ ಸಿಟಿಒ ಹಾಕಿ.

ಎಷ್ಟು ಹಾಕೋದು? 5600ರ ಲೈಟಿಗೆ ಕ್ವಾರ್ಟರ್ ಸಿಟಿಒ ಹಾಕಿದರೆ 4100ರ ಹತ್ತಿರ, ಹಾಫ್ ಹಾಕಿದರೆ 3450, ಫುಲ್ ಹಾಕಿದರೆ 2950 ಬರುತ್ತೆ. ಇದು ಲೀ ಹಾಳೆಗಳ ಲೆಕ್ಕ, ಬೇರೆ ಕಂಪನಿಯದ್ದು ಕೊಂಚ ಆಚೀಚೆ. ನಾನಾದರೆ ಒಲೆ ಬಾಯಿ ಇರೋ ಕಡೆಯಿಂದ, ತಗ್ಗಿನಲ್ಲಿ, ಹಾಫ್ ಸಿಟಿಒ ಹಾಕಿದ ಪ್ಯಾನೆಲ್ ಇಡ್ತೀನಿ. ಕ್ಯಾಮೆರಾ ವೈಟ್ ಬ್ಯಾಲೆನ್ಸ್ 4300ಕ್ಕೆ ಕೂರಿಸ್ತೀನಿ, ಆಟೋ ಬೇಡವೇ ಬೇಡ. ಆಗ ಆಚೆ ಗದ್ದೆ ಬಯಲು ಸ್ವಲ್ಪ ತಣ್ಣಗೆ, ಮುಖ ಸ್ವಲ್ಪ ಬೆಚ್ಚಗೆ, ಉರಿ ತನ್ನ ಪಾಡಿಗೆ ಕೆಂಪಗೆ. ನೋಡೋರಿಗೆ ಉರಿಯ ಬೆಳಕೇ ಮುಖಕ್ಕೆ ಬಿದ್ದಂಗಿರುತ್ತೆ. ಉರಿಯನ್ನ ಬಿಳಿ ಮಾಡೋಕೆ ಹೋಗಬೇಡಿ. ಬೆಂಕಿ ಬೆಂಕಿ ಬಣ್ಣದಲ್ಲೇ ಇರಲಿ.

ಹಬೆ ಕಾಣಬೇಕಂದರೆ ಹಿಂದಿನಿಂದ ಒಂದು ಲೈಟು ಬೇಕೇಬೇಕು. ಅದಕ್ಕೆ ನೀಲಿ ಜೆಲ್ ಹಾಕೋ ಚಾಳಿ ಬಹಳ ಜನಕ್ಕಿದೆ. ಹಾಕಿದರೆ ಕೊಪ್ಪರಿಗೆಯಿಂದ ಏಳೋದು ಹಬೆ ಅನ್ನಿಸಲ್ಲ, ಕಾರ್ಖಾನೆ ಹೊಗೆ ಅನ್ನಿಸುತ್ತೆ. ಏನೂ ಹಾಕದೆ ಬಿಡಿ.

ಬೆಲ್ಲದ್ದು ಬೇರೆಯೇ ಮಾತು. ಪಾಕವನ್ನ ಅಚ್ಚಿಗೆ ಹುಯ್ಯೋ ಶಾಟು, ಅಚ್ಚಿಂದ ತೆಗೆದ ಬೆಲ್ಲದ ಕ್ಲೋಸಪ್ಪು, ಇವನ್ನ ಜೆಲ್ ಇಲ್ಲದೆ, ಶೆಡ್ಡಿನ ಅಂಚಿಗೆ ತಂದು, ನೆರಳಿನ ಹಗಲು ಬೆಳಕಲ್ಲಿ ತೆಗೀರಿ. ಅಲ್ಲೇ ಗ್ರೇ ಕಾರ್ಡ್, ಅಂದರೆ ಯಾವ ಬಣ್ಣದ ಕಡೆಗೂ ವಾಲದ ಬೂದು ರಟ್ಟು, ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ. ಬೆಲ್ಲವನ್ನ ಜನ ಬಣ್ಣ ನೋಡಿ ಕೊಳ್ಳೋದು. ಕಂದು ಬೆಲ್ಲ ನಿಮ್ಮ ಲೈಟಿನಿಂದ ಹಳದಿಯಾಗಿ ಕಂಡರೆ, ಬಣ್ಣ ತಿಳಿಯಾಗಲಿ ಅಂತ ಬೆರೆಸೋ ಹೈಡ್ರೋಸ್ ರಾಸಾಯನಿಕ ಹಾಕಿದ್ದಾರೇನೋ ಅಂತ ನೋಡೋರು ಅಂದುಕೋತಾರೆ. ಬೆಳಗಿನ ಜಾವದಿಂದ ಉರಿ ಮುಂದೆ ನಿಂತು ಬೇಯಿಸಿದವರಿಗೆ ಅದು ಅನ್ಯಾಯ.

ಪ್ರಶ್ನೆ (ಅದೇ ಸದಸ್ಯರು):
ತುಂಬಾ ಥ್ಯಾಂಕ್ಸ್ ಸರ್. ನನ್ನ ಪ್ಯಾನೆಲ್ ಬೈಕಲರ್, ಗುಂಡಿ ತಿರುಗಿಸಿದರೆ 3200ರಿಂದ 5600ರ ತನಕ ಹೋಗುತ್ತೆ. ಹಂಗಿದ್ಮೇಲೆ ಜೆಲ್ ಯಾಕೆ?

ಉತ್ತರ:
ನೀಲಿ–ಕಿತ್ತಳೆ ಲೆಕ್ಕಕ್ಕೆ ಬೇಕಿಲ್ಲ, ಗುಂಡಿ ಸಾಕು. 3450ಕ್ಕೆ ಇಡಿ, ಮುಗೀತು. ಆದರೆ ಒಂದು ಕೊನೆಗೆ ಒಯ್ದಾಗ ಬಹುಪಾಲು ಪ್ಯಾನೆಲ್‌ಗಳಲ್ಲಿ ಅರ್ಧ ದೀಪಗಳಷ್ಟೇ ಉರಿಯೋದು, ಬೆಳಕು ಕಮ್ಮಿಯಾಗುತ್ತೆ. ಇನ್ನೊಂದು, ಕೆಲ್ವಿನ್ ನಂಬರು ಹಸಿರಿನ ವಿಷಯ ಹೇಳೋದೇ ಇಲ್ಲ. ಅಗ್ಗದ ಎಲ್‌ಇಡಿಗಳಲ್ಲಿ ಹಸಿರು ಇಣುಕುತ್ತೆ, ನಮ್ಮ ಗೋಧಿ ಮೈಬಣ್ಣ, ಎಣ್ಣೆಗಪ್ಪು ಮೈಬಣ್ಣದ ಮೇಲೆ ಅದು ಕಾಯಿಲೆ ಬಿದ್ದೋರ ಕಳೆ ತರುತ್ತೆ. ಪರೀಕ್ಷೆ ಸುಲಭ: ಕ್ಯಾಮೆರಾ, ಪ್ಯಾನೆಲ್ ಎರಡನ್ನೂ 5600ಕ್ಕೆ ಕಟ್ಟಿಹಾಕಿ. ಗ್ರೇ ಕಾರ್ಡನ್ನ ಒಮ್ಮೆ ಮಧ್ಯಾಹ್ನದ ಹಗಲಲ್ಲಿ, ಒಮ್ಮೆ ಪ್ಯಾನೆಲ್ ಬೆಳಕಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಪ್ಯಾನೆಲ್ಲಿನದು ಹಸಿರಾಗಿ ಕಂಡರೆ ಎಯ್ತ್ (1/8) ಅಥವಾ ಕ್ವಾರ್ಟರ್ ಮೈನಸ್ ಗ್ರೀನ್ ಹಾಕಿ. ತೆಳು ಗುಲಾಬಿ ಹಾಳೆ ಅದು. ಬಿಳಿ ಎ4 ಹಾಳೆ ಹಿಡೀಬೇಡಿ, ಕಾಗದ ಬೆಳ್ಳಗೆ ಕಾಣಲಿ ಅಂತ ಅದಕ್ಕೆ ಸೇರಿಸೋ ರಾಸಾಯನಿಕ ಲೆಕ್ಕ ತಪ್ಪಿಸುತ್ತೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ, ಮೈಸೂರು):
ಸರ್, ಛತ್ರದಲ್ಲಿ ಮೇಲ್ಗಡೆ ಸಾಲು ಟ್ಯೂಬ್‌ಲೈಟ್. ಮುಹೂರ್ತದ ಹೊತ್ತಲ್ಲಿ ಆರಿಸಿ ಅನ್ನೋಕಾಗಲ್ಲ. ಅಲ್ಲೂ ಮೈನಸ್ ಗ್ರೀನಾ?

ಉತ್ತರ:
ಇಲ್ಲ ಮೇಡಂ, ಅಲ್ಲಿ ಉಲ್ಟಾ. ಛಾವಣಿಯ ಅಷ್ಟೂ ಟ್ಯೂಬಿಗೆ ಜೆಲ್ ಸುತ್ತೋರು ಯಾರು? ಬದಲಿಸೋಕಾಗದ ಬೆಳಕು ಅದೇ. ಹಾಗಾಗಿ ನಿಮ್ಮ ಲೈಟಿಗೇ ಪ್ಲಸ್ ಗ್ರೀನ್, ಅಂದರೆ ತೆಳು ಹಸಿರು ಹಾಳೆ, ಹಾಕಿ ಅವುಗಳ ಜೊತೆ ಸೇರಿಸಿಬಿಡಿ. ಟ್ಯೂಬ್ 6500ರದ್ದಾದರೆ ಜೊತೆಗೆ ಎಯ್ತ್ ಸಿಟಿಬಿ ಕೂಡ. ಆಮೇಲೆ ವಧು ನಿಲ್ಲೋ ಜಾಗದಲ್ಲಿ ಗ್ರೇ ಕಾರ್ಡ್ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿ. ಎಲ್ಲ ಕಡೆ ಹಸಿರು ಒಂದೇ ಪ್ರಮಾಣದಲ್ಲಿದ್ದರೆ ಕ್ಯಾಮೆರಾ ಅದನ್ನ ಒಂದೇ ಸಲಕ್ಕೆ ತೆಗೆದುಹಾಕುತ್ತೆ. ಶಟರ್ 1/50 ಇಲ್ಲವೇ 1/100 ಇರಲಿ, ನಮ್ಮ 50 ಹರ್ಟ್ಸ್ ಕರೆಂಟಿಗೆ ಚಿತ್ರದಲ್ಲಿ ಕಪ್ಪು ಪಟ್ಟಿ ಓಡಲ್ಲ.

ಪ್ರಶ್ನೆ (ಅದೇ ಸದಸ್ಯೆ):
ಅರಮನೆ ದೀಪಾಲಂಕಾರದ ಮುಂದೆ ಜೋಡಿ ನಿಲ್ಲಿಸಿ ತೆಗೆಯುವಾಗ?

ಉತ್ತರ:
ಅದೂ ಇದೇ ಲೆಕ್ಕ. ಅರಮನೆಯ ಸುಮಾರು 1 ಲಕ್ಷ ಬಲ್ಬು ನಿಮ್ಮ ಮಾತು ಕೇಳಲ್ಲ. ನಿಮ್ಮ 5600ರ ಲೈಟಿಗೆ ಫುಲ್ ಸಿಟಿಒ, ಕ್ಯಾಮೆರಾ 3200. ಜೋಡಿಯ ಮೈಬಣ್ಣ ಸರಿ ಬರುತ್ತೆ, ಹಿಂದೆ ಅರಮನೆ ಚಿನ್ನದಂಗೇ ಉಳಿಯುತ್ತೆ. ಜೆಲ್ ಹಾಕದೆ ಕ್ಯಾಮೆರಾ 5600ಕ್ಕಿಟ್ಟರೆ ಅರಮನೆ ಕಿತ್ತಳೆ ಹಣ್ಣಾಗುತ್ತೆ. 3200ಕ್ಕಿಟ್ಟರೆ ಜೋಡಿ ನೀಲಿ.

ಪ್ರಶ್ನೆ (ಮತ್ತೊಬ್ಬರು, ಮದ್ದೂರು):
ಅಣ್ಣಾ, ನಾಟಕಕ್ಕೆ ಹಾಕೋ ಜಿಲೆಟಿನ್ ಪೇಪರ್ ನಮ್ಮ ಹತ್ರ ಬೇಕಾದಷ್ಟು ಬಿದ್ದೈತೆ. ಅದ್ನೇ ಹಾಕಿದ್ರೆ ಆಗಲ್ವಾ?

ಉತ್ತರ:
ಆಗಲ್ಲಪ್ಪ. ರಂಗದ ಮೇಲೆ ರಾತ್ರಿ, ಕೋಪ, ಕಾಡು ತೋರಿಸೋಕೆ ಬೇಕಾದ ಗಾಢ ಬಣ್ಣ ಬೇರೆ. ಮೈಸೂರು ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಿದ್ದರೆ ನೆನಪಿಸಿಕೊಳ್ಳಿ, ಆ ನೀಲಿಯಲ್ಲಿ ಮುಖದ ನಿಜವಾದ ಬಣ್ಣ ಗೊತ್ತಾಗಬೇಕಂತಲೇ ಇಲ್ಲ. ಕರೆಕ್ಷನ್ ಜೆಲ್ ಮಾತ್ರ ಕೆಲ್ವಿನ್ ಎಷ್ಟು ಸರಿಸಬೇಕೋ ಅಷ್ಟಕ್ಕೇ ಅಳೆದು ಮಾಡಿದ್ದು. ಅಂಗಡಿಯ ಬಣ್ಣದ ಕಾಗದಕ್ಕೆ ಆ ಅಳತೆಯಿಲ್ಲ. ಹ್ಯಾಲೋಜನ್ ಮುಂದೆ ಮುದುಡಿ ಕರಗುತ್ತೆ, ಹೊತ್ತಿಕೊಳ್ಳಲೂಬಹುದು.

ಬಿಸಿಯ ವಿಷಯ ಬಂದಿದ್ದರಿಂದ ಎಲ್ಲರಿಗೂ ಹೇಳ್ತೀನಿ. ಹ್ಯಾಲೋಜನ್ನಿಗೆ ಒಳ್ಳೇ ಜೆಲ್ ಹಾಕಿದರೂ ಗಾಜಿಗೆ ಅಂಟಿಸಬೇಡಿ. ಲೈಟಿನ ಮುಂದಿರೋ ಬಾರ್ನ್ ಡೋರ್ ಅನ್ನೋ ಲೋಹದ ರೆಕ್ಕೆಗಳಿಗೆ ಮರದ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ, ಪ್ಲಾಸ್ಟಿಕ್ ಕ್ಲಿಪ್ಪು ಮೆತ್ತಗಾಗಿ ಬೀಳುತ್ತೆ. ಗಾಳಿಯಾಡೋ ಕಿಂಡಿಗಳನ್ನ ಹಾಳೆ ಮುಚ್ಚಬಾರದು. ನೀಲಿ ಹಾಳೆ ಶಾಖ ಹೆಚ್ಚು ಹೀರುತ್ತೆ, ಬೇಗ ಬಿಳಿಚಿಕೊಳ್ಳುತ್ತೆ. ನಡುವೆ ಬೆಳ್ಳಗಾಗಿದ್ದರೆ ಬಿಸಾಕಿ. ಆಲೆಮನೆಯಲ್ಲಂತೂ ಕಾಲಡಿಯೆಲ್ಲ ಒಣಗಿದ ಕಬ್ಬಿನ ಸಿಪ್ಪೆ. ಲೈಟ್ ಸ್ಟ್ಯಾಂಡಿನ ಸುತ್ತ ಗುಡಿಸಿ, ಮರಳು ಮೂಟೆ ಇಟ್ಟು, ವೈರನ್ನ ಓಡಾಡೋ ದಾರಿ ಬಿಟ್ಟು ಎಳೀರಿ. 1989ರ ಫೆಬ್ರವರಿಯಲ್ಲಿ ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಶೂಟಿಂಗ್ ನಡೀತಿದ್ದಾಗಲೇ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಹೋದರು. ಲೈಟು ಹೊತ್ತಿಸೋ ಪ್ರತಿಯೊಬ್ಬರಿಗೂ ಅದು ಗೊತ್ತಿರಬೇಕು.

ಪ್ರಶ್ನೆ (ಮಂಡ್ಯದವರೇ):
ಕೊನೇದಾಗಿ ಸರ್, ಶುರುವಿಗೆ ಯಾವ್ಯಾವ ಹಾಳೆ ತಗೊಳ್ಳಲಿ?

ಉತ್ತರ:
ಹಾಫ್ ಸಿಟಿಒ ಎರಡು ಹಾಳೆ. ಎರಡು ಒಟ್ಟಿಗೆ ಹಾಕಿದರೆ ಫುಲ್ಲಿಗಿಂತ ಸ್ವಲ್ಪ ಜಾಸ್ತಿಯೇ ಆಯ್ತು. ಕ್ವಾರ್ಟರ್ ಸಿಟಿಬಿ ಒಂದು, ಎಯ್ತ್ ಒಂದು. ಕ್ವಾರ್ಟರ್ ಮೈನಸ್ ಗ್ರೀನ್, ಕ್ವಾರ್ಟರ್ ಪ್ಲಸ್ ಗ್ರೀನ್ ಒಂದೊಂದು. ಲೀ ಹಾಳೆ 1.22 ಮೀಟರ್ ಉದ್ದ, 53 ಸೆಂಟಿಮೀಟರ್ ಅಗಲ ಇರುತ್ತೆ, ಒಂದರಲ್ಲಿ ಸಣ್ಣ ಪ್ಯಾನೆಲ್‌ಗೆ ಎರಡು ಮೂರು ತುಂಡು ಬರುತ್ತೆ. ಕತ್ತರಿಸಿದ ತಕ್ಷಣ ಪ್ರತಿ ತುಂಡಿನ ಮೂಲೆಯಲ್ಲೂ ಮಾರ್ಕರಿನಲ್ಲಿ ಹೆಸರು ಬರೀರಿ. ಹಾಫ್ ಯಾವುದು, ಕ್ವಾರ್ಟರ್ ಯಾವುದು ಅಂತ ಮಬ್ಬು ಶೆಡ್ಡಲ್ಲಿ ಕಣ್ಣಿಗೆ ಗೊತ್ತಾಗಲ್ಲ. ಮಡಚಬೇಡಿ, ಸುರುಳಿ ಸುತ್ತಿ ಪೈಪಿನೊಳಗೆ ಇಡಿ. ಟೆಸ್ಟ್ ತೆಗೆದ ಮೇಲೆ ಎರಡು ಫ್ರೇಮ್ ಇಲ್ಲಿ ಹಾಕಿ, ಒಂದು ಮುಖದ್ದು, ಒಂದು ಬೆಲ್ಲದ್ದು. ನೋಡಿ ಹೇಳ್ತೀನಿ.